ಹಳೇ ಕಾರು ಗಟ್ಟಿ ಅನ್ನೋ ಮಾತು

ಮೊನ್ನೆ ಮದುವೆ ಮನೆಯಲ್ಲಿ ಮತ್ತೆ ಅದೇ ಮಾತು ಬಂತು. "ಏನೇ ಹೇಳಿ, ನಿಮ್ಮಪ್ಪನ ಪದ್ಮಿನಿ ಇದೆಯಲ್ಲ, ಅದು ಕಾರು. ಈಗಿನವು ಬರೀ ತಗಡು. ಬೆರಳಲ್ಲಿ ಒತ್ತಿದ್ರೆ ತಗ್ಗು ಬೀಳುತ್ತೆ." ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದರು, ಉತ್ತರ ಕೊಡೋಕೆ ಆಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಪದ್ಮಿನಿ ನಮ್ಮನೆಯಲ್ಲಿ ಇವತ್ತಿಗೂ ಇದೆ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದೆ ಬೆಂಚಿನ ಹಾಗೆ ಒಂದೇ ಉದ್ದ ಸೀಟು. ಕಿಟಕಿಯ ಮೂಲೆಯ ಆ ಪುಟ್ಟ ತ್ರಿಕೋನದ ಗಾಜು ತಿರುಗಿಸಿದರೆ ಗಾಳಿ ನೇರ ಮುಖಕ್ಕೇ ಬರುತ್ತದೆ. ಎ.ಸಿ. ಯಾಕೆ ಬೇಕು ಅನ್ನಿಸುತ್ತದೆ. ಆ ಕಾಲದ ಕಾರು ಇದ್ದವರಿಗೆಲ್ಲ ಗೊತ್ತು, ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಎಂಜಿನ್ ಕಾದು, ಪೆಟ್ರೋಲು ಪಂಪಿನಲ್ಲೇ ಆವಿಯಾಗಿ, ಗಾಡಿ ನಿಂತುಬಿಡುತ್ತಿತ್ತು. ಬಾನೆಟ್ ಎತ್ತಿ ಒದ್ದೆ ಬಟ್ಟೆ ಪಂಪಿಗೆ ಸುತ್ತಿ ಹತ್ತು ನಿಮಿಷ ಕಾಯುವುದು. ಆಗುಂಬೆಯ 14 ತಿರುವುಗಳಲ್ಲಿ ಎಲ್ಲಿ ನೆರಳಿದೆ ಅಂತ ಅಪ್ಪನಿಗೆ ಬಾಯಿಪಾಠ ಆಗಿತ್ತು. ಆ ದಿನಗಳನ್ನು ನಾನು ಯಾವುದಕ್ಕೂ ಬಿಟ್ಟುಕೊಡೋದಿಲ್ಲ.

ಆದರೆ ಗಟ್ಟಿ ಅನ್ನೋ ಮಾತು ಬೇರೆ.

ನಮ್ಮ ಚಿಕ್ಕಪ್ಪನ ಹತ್ತಿರ ಅದೇ ಕಾಲದ ಇನ್ನೊಂದು ಕಾರಿತ್ತು. ಒಂದು ರಾತ್ರಿ ದನ ಅಡ್ಡ ಬಂತು ಅಂತ ತಿರುಗಿಸಿ ಮಾವಿನ ಮರಕ್ಕೆ ಗುದ್ದಿದರು. ಬಂಪರ್ ಸ್ವಲ್ಪ ಸೊಟ್ಟಗಾಗಿತ್ತು, ಅಷ್ಟೇ. ಸ್ಟೀರಿಂಗ್ ಎದೆಗೆ ಬಡಿದು ಚಿಕ್ಕಪ್ಪನ ಎರಡು ಪಕ್ಕೆಲುಬು ಮುರಿದಿದ್ದವು. ನೋಡೋಕೆ ಬಂದವರೆಲ್ಲ ಅಂಗಳದಲ್ಲಿ ನಿಂತು "ಕಾರಿಗೆ ಏನೂ ಆಗಿಲ್ಲ ನೋಡಿ" ಅಂತಿದ್ದರು. ಒಳಗೆ ಚಿಕ್ಕಪ್ಪನಿಗೆ ಕೆಮ್ಮೋಕೂ ಆಗುತ್ತಿರಲಿಲ್ಲ.

ಗುದ್ದಿದ ಪೆಟ್ಟು ಎಲ್ಲಿಗಾದರೂ ಹೋಗಲೇಬೇಕು ಅಲ್ವಾ? ಕಾರು ತಗೊಳ್ಳದಿದ್ದರೆ ಒಳಗೆ ಕೂತವರು ತಗೋಬೇಕು. ಈಗಿನ ಕಾರಿನ ಮೂತಿ ನಜ್ಜುಗುಜ್ಜಾಗುವುದು ಬೇಕು ಅಂತಲೇ ಹಾಗೆ ಮಾಡಿದ್ದು. ಜನ ಕೂರುವ ಜಾಗ ಮಾತ್ರ ಮುರಿಯಬಾರದು. 2009ರಲ್ಲಿ, ಕಾರುಗಳನ್ನು ಗುದ್ದಿಸಿ ಸುರಕ್ಷತೆ ಪರೀಕ್ಷಿಸುವ ಅಮೆರಿಕದ ಐಐಎಚ್‌ಎಸ್ ಸಂಸ್ಥೆ 1959ರ ಶೆವರ್ಲೆ ಬೆಲ್ ಏರ್ ಮತ್ತು 2009ರ ಶೆವರ್ಲೆ ಮಾಲಿಬು ಕಾರುಗಳನ್ನು ಎದುರಾಬದುರು ಗುದ್ದಿಸಿ ನೋಡಿತು. ಎರಡರದ್ದೂ ಗಂಟೆಗೆ ಸುಮಾರು 64 ಕಿ.ಮೀ. ವೇಗ. ಹಳೇ ಕಾರು ನೋಡೋಕೆ ಹಡಗಿನ ಹಾಗಿದೆ. ಅದರ ಡ್ರೈವರ್ ಜಾಗವೇ ಮುದುಡಿಹೋಯಿತು. ಹೊಸದರಲ್ಲಿ ಡ್ರೈವರ್ ಬದಲು ಕೂರಿಸಿದ್ದ ಗೊಂಬೆಯ ಕಾಲಿಗೆ ಪೆಟ್ಟಾಗಿತ್ತು, ಜೀವಕ್ಕೆ ತೊಂದರೆ ಇರಲಿಲ್ಲ. ವಿಡಿಯೋ ಇದೆ, ಒಮ್ಮೆ ನೋಡಿ.

ಈಗ ನಮ್ಮದು ಟಾಟಾ ಆಲ್ಟ್ರೋಜ್. ಮೂರೇ ಸಿಲಿಂಡರು, 1199 ಸಿಸಿ. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಸಂಸ್ಥೆ ಗುದ್ದಿಸಿ ನೋಡಿದ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಐದಕ್ಕೆ ಐದು ಸ್ಟಾರ್ ಬಂದ ಕಾರು. ಚಿಕ್ಕವನಿದ್ದಾಗ ನಾನು ಪದ್ಮಿನಿಯಲ್ಲಿ ಅಪ್ಪ-ಅಮ್ಮನ ನಡುವೆ ಡ್ಯಾಶ್‌ಬೋರ್ಡ್ ಹಿಡಿದು ನಿಂತೇ ಊರು ಸುತ್ತಿದ್ದೇನೆ. ನನ್ನ ಮಗಳನ್ನು ಹಾಗೆ ನಿಲ್ಲಿಸೋಕೆ ನನ್ನಿಂದಾಗದು.

ಭಾನುವಾರ ಬೆಳಗ್ಗೆ ಪದ್ಮಿನಿ ಹೊರಗೆ ಬರುತ್ತದೆ. ತಣ್ಣಗಿರೋ ಎಂಜಿನ್ ಶುರು ಮಾಡೋಕೆ ಚೋಕ್ ಎಳೆಯೋದು ಮಗಳ ಕೆಲಸ. ದೇವಸ್ಥಾನದವರೆಗೆ ನಿಧಾನವಾಗಿ ಹೋಗಿ ಬರುತ್ತೇವೆ. ಆಗುಂಬೆ ಇಳಿಯೋದಿದ್ದರೆ ಮಾತ್ರ ಆಲ್ಟ್ರೋಜ್. ಹಿಂದೆ ಕೂತ ಅಪ್ಪನೂ ಬೆಲ್ಟ್ ಹಾಕುವವರೆಗೆ ಗಾಡಿ ಹೊರಡೋದಿಲ್ಲ.