ಅರ್ಜಿ ಹಾಕಿದವರಿಗೇ ಶಾಲು

ಉತ್ತಮ ಶಿಕ್ಷಕ ಪ್ರಶಸ್ತಿಗೆ ಶಿಕ್ಷಕರೇ ಅರ್ಜಿ ಹಾಕಿಕೊಳ್ಳಬೇಕು ಎನ್ನುವ ಪದ್ಧತಿ ನನಗೆ ಎಂದೂ ಒಗ್ಗಿಲ್ಲ. ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಈ ಮಾತನ್ನು ನಾನು ಆಡಲೇಬಾರದು. ದಾವಣಗೆರೆಯಲ್ಲಿ ನನ್ನದು ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿಗಳ ಪುಟ್ಟ ಅಂಗಡಿ. ಜುಲೈ, ಆಗಸ್ಟ್ ಬಂತೆಂದರೆ ಜಗಳೂರು, ಚನ್ನಗಿರಿ, ಹರಿಹರದ ಕಡೆಯ ಮೇಷ್ಟ್ರುಗಳು, ಮೇಡಂಗಳು ಚೀಲದ ತುಂಬ ಕಾಗದ ಹೊತ್ತು ಬರುತ್ತಾರೆ. ಬಣ್ಣದ ಪ್ರಿಂಟು, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್ ಎಂದು ನನಗೂ ನಾಲ್ಕು ಕಾಸು ಆಗುತ್ತದೆ. ಆದರೂ ಹೇಳುತ್ತೇನೆ.

ಆ ಫೈಲುಗಳನ್ನು ನೀವು ನೋಡಬೇಕು. ಮೊದಲ ಪುಟದಲ್ಲಿ ಭಾವಚಿತ್ರ, ಅದರ ಹಿಂದೆ ಸೇವಾ ವಿವರ, ಆಮೇಲೆ ಫಲಿತಾಂಶದ ಪಟ್ಟಿ. ದಾನಿಗಳಿಂದ ಶಾಲೆಗೆ ತಂದ ತಟ್ಟೆ, ಲೋಟ, ನೋಟ್‌ಬುಕ್, ನೀರಿನ ಫಿಲ್ಟರಿನ ಲೆಕ್ಕ. ಪತ್ರಿಕೆಯ ಒಂದು ಕಾಲಂ ಸುದ್ದಿ, ಅದರೊಳಗಿನ ತಮ್ಮ ಹೆಸರಿಗೆ ಕೆಂಪು ಶಾಯಿಯ ಗೆರೆ. ಪರಿಸರ ದಿನದಂದು ಒಂದೇ ಸಸಿಯನ್ನು ಆರೇಳು ಜನ ಸೇರಿ ಹಿಡಿದುಕೊಂಡ ಫೋಟೋ ಇಲ್ಲದ ಫೈಲನ್ನು ನಾನಂತೂ ಕಂಡಿಲ್ಲ. ಒಮ್ಮೆ ಒಬ್ಬ ಮೇಷ್ಟ್ರು ಪುಟ ತಿರುವುತ್ತ, 'ಗಿಡ ನೆಟ್ಟಿದ್ದು ಇದೆ, ನೀರು ಹಾಕಿದ್ದು ಇಲ್ಲವಲ್ಲ' ಎಂದು ನಿಜವಾಗಿಯೂ ಪೇಚಾಡಿದರು. ಗಿಡ ಬದುಕಿದೆಯೇ ಎಂದು ನಾನು ಕೇಳಲಿಲ್ಲ, ಗಿರಾಕಿಯಲ್ಲವೇ.

ಅವರನ್ನು ಗೇಲಿ ಮಾಡುವುದು ನನ್ನ ಉದ್ದೇಶವಲ್ಲ. ಹಾಗೆ ಫೈಲು ಹೊತ್ತು ಬರುವವರಲ್ಲಿ ಅಪ್ಪಟ ಶಿಕ್ಷಕರೂ ಇದ್ದಾರೆ. ತೊಂದರೆ ಇರುವುದು ಫೈಲಿನಲ್ಲಿ. ಅದರೊಳಗೆ ಹಿಡಿಯುವ ಕೆಲಸ ಒಂದು, ಹಿಡಿಯದ ಕೆಲಸ ಇನ್ನೊಂದು. ನಲಿಕಲಿ ಕೋಣೆಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಕುಳಿತಿರುತ್ತಾರೆ. ಜೂನ್‌ನಲ್ಲಿ ಒತ್ತಕ್ಷರ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಿದ್ದ ಹುಡುಗಿ ಸಂಕ್ರಾಂತಿಯ ಹೊತ್ತಿಗೆ ಸಾಲಿನ ಮೇಲೆ ಬೆರಳಿಡದೆ ಓದುತ್ತಾಳೆ. ಇದರ ಫೋಟೋ ಹೇಗೆ ತೆಗೆಯುವುದು? ಮೊಳಕಾಲ್ಮುರು, ಜಗಳೂರು, ಚಳ್ಳಕೆರೆಯ ಬಯಲು ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಮನೆಮಂದಿ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುತ್ತಾರೆ. ಆಗ ಅಜ್ಜಿಯ ಬಳಿ ಹೋಗಿ ಕುಳಿತು, 'ಇವನೊಬ್ಬನನ್ನು ಇಲ್ಲೇ ಬಿಡಿ, ನಾವು ನೋಡಿಕೊಳ್ಳುತ್ತೇವೆ' ಎಂದು ಒಪ್ಪಿಸಿ ಬರುವ ಟೀಚರ್ ಇದ್ದಾರೆ. ಅಜ್ಜಿಯ ಕೈಯಿಂದ ಅದಕ್ಕೊಂದು ದೃಢೀಕರಣ ಪತ್ರ ಬರೆಸಿಕೊಂಡು ಬರಬೇಕೇ?

ಇನ್ನು ಈ ಪದ್ಧತಿ ಏಕೆ ಬಂತು ಎನ್ನುವುದನ್ನೂ ನ್ಯಾಯವಾಗಿ ಹೇಳಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಿಂದ ಇದೆ. ಮೊದಲು ಹೆಸರುಗಳನ್ನು ರಾಜ್ಯ ಸರ್ಕಾರಗಳು ಕಳುಹಿಸುತ್ತಿದ್ದವು. 2018ರಲ್ಲಿ ಆ ಕ್ರಮವನ್ನು ಬದಲಿಸಿ, ಶಿಕ್ಷಕರು ಆನ್‌ಲೈನ್‌ನಲ್ಲಿ ತಾವೇ ಹೆಸರು ಸೂಚಿಸಿಕೊಳ್ಳುವಂತೆ ಮಾಡಿದರು. ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೂರು ಹಂತದ ಸಮಿತಿಗಳು ಸೋಸುತ್ತವೆ. ಗೆದ್ದವರಿಗೆ ರಾಷ್ಟ್ರಪತಿಗಳಿಂದ ಬೆಳ್ಳಿ ಪದಕ, ಪ್ರಮಾಣಪತ್ರ ಮತ್ತು 50,000 ರೂಪಾಯಿ. ಮೇಲಿನವರ ಕೃಪೆ ಇಲ್ಲದವರಿಗೂ ಬಾಗಿಲು ತೆರೆಯಲಿ ಎನ್ನುವುದು ಅದರ ಹಿಂದಿನ ಲೆಕ್ಕಾಚಾರ. ಒಪ್ಪುತ್ತೇನೆ. ಶಿಫಾರಸಿನ ಕಾಲದಲ್ಲಿ ಯಾರು ಯಾರ ಮನೆಗೆ ಹಣ್ಣಿನ ಬುಟ್ಟಿ ಒಯ್ಯುತ್ತಿದ್ದರು ಎಂದು ನಮ್ಮ ಕಡೆಯ ಹಿರಿಯ ಮೇಷ್ಟ್ರುಗಳು ಈಗಲೂ ಹೇಳಿಕೊಂಡು ನಗುತ್ತಾರೆ. ಆದರೆ ಬಾಗಿಲು ತೆರೆದರೆ ಸಾಲದು. ನಾಚಿಕೆ ಸ್ವಭಾವದವರು ತೆರೆದ ಬಾಗಿಲಿನ ಮುಂದೆಯೂ ಹೊರಗೇ ನಿಲ್ಲುತ್ತಾರೆ. ತಮ್ಮ ಬಗ್ಗೆ ತಾವೇ ನಾಲ್ಕು ಪುಟ ಬರೆದುಕೊಳ್ಳುವುದಕ್ಕೆ ಮುಜುಗರಪಡುವ ಮನುಷ್ಯ ಒಳ್ಳೆಯ ಮೇಷ್ಟ್ರಾಗಿರುವ ಸಾಧ್ಯತೆ ಹೆಚ್ಚು ಎನ್ನುವುದು ನನ್ನ ಅನುಭವ. ಅದನ್ನು ಅಂಕಿಅಂಶದಲ್ಲಿ ತೋರಿಸಲಾರೆ.

ಶಿಕ್ಷಕರ ದಿನ ಯಾರ ಹುಟ್ಟುಹಬ್ಬವೋ ಆ ಡಾ. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದವರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟನ್ನು ಹೂವಿನಿಂದ ಸಿಂಗರಿಸಿ, ಕುದುರೆ ಕಟ್ಟದೆ, ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಪ್ರತಿ ವರ್ಷ ಸೆಪ್ಟೆಂಬರ್ 5ರ ಭಾಷಣಗಳಲ್ಲಿ ಈ ಕಥೆ ಬಂದೇ ಬರುತ್ತದೆ. ರಾಧಾಕೃಷ್ಣನ್ ಆ ಸಾರೋಟಿಗೆ ಅರ್ಜಿ ಹಾಕಿರಲಿಲ್ಲ ಎನ್ನುವುದನ್ನು ಮಾತ್ರ ಯಾವ ಭಾಷಣಕಾರರೂ ಹೇಳುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಚುಚ್ಚುತ್ತದೆ. ರಾಷ್ಟ್ರೀಯ ಪ್ರಶಸ್ತಿಯ ನಿಯಮದಲ್ಲಿ ಗುತ್ತಿಗೆ ಶಿಕ್ಷಕರಿಗೆ ಅವಕಾಶವೇ ಇಲ್ಲ. ನಮ್ಮ ಸರ್ಕಾರಿ ಶಾಲೆಗಳು ಇವತ್ತು ಯಾರ ಹೆಗಲ ಮೇಲೆ ನಿಂತಿವೆ? ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಗೌರವಧನ ಪಡೆಯುವ ಅತಿಥಿ ಶಿಕ್ಷಕರ ಮೇಲೆ. ಆ ದುಡ್ಡೂ ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಗಣಿತಕ್ಕೆ, ಇಂಗ್ಲಿಷಿಗೆ, ವಿಜ್ಞಾನಕ್ಕೆ ಹುದ್ದೆ ಖಾಲಿ ಇದ್ದಲ್ಲೆಲ್ಲ ಅವರೇ. ಏಪ್ರಿಲ್‌ನಲ್ಲಿ ಕೆಲಸ ಮುಗಿಯುತ್ತದೆ, ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ತಿಳಿಯದು. ಅಂಥವರು ಹತ್ತು ವರ್ಷ ಒಂದೇ ಹಳ್ಳಿಯಲ್ಲಿ ಪಾಠ ಮಾಡಿದರೂ 'ಅತಿಥಿ'ಯಾಗಿಯೇ ಉಳಿಯುತ್ತಾರೆ. ಸನ್ಮಾನದ ದಿನ ವೇದಿಕೆಯ ಕೆಳಗೆ ಕುರ್ಚಿ ಜೋಡಿಸುವವರೂ ಬಹಳ ಸಲ ಅವರೇ ಆಗಿರುತ್ತಾರೆ.

ಮಕ್ಕಳ ವಿಷಯಕ್ಕೆ ಬರೋಣ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ವಾರ ನಮ್ಮ ಜಯದೇವ ವೃತ್ತದ ಸುತ್ತ ಒಮ್ಮೆ ಅಡ್ಡಾಡಿ. 625ಕ್ಕೆ ಇಷ್ಟು ಎಂದು ದೊಡ್ಡ ದೊಡ್ಡ ಫ್ಲೆಕ್ಸ್‌ಗಳು, ಸಾಲು ಸಾಲು ಮುಖಗಳು, ಬಹುಪಾಲು ಖಾಸಗಿ ಶಾಲೆಗಳವು. ಆ ಮಕ್ಕಳ ಶ್ರಮದ ಬಗ್ಗೆ ನನಗೆ ತಕರಾರಿಲ್ಲ. ಆಮೇಲೆ ಸಮುದಾಯದ ಸಂಘಗಳ ಪ್ರತಿಭಾ ಪುರಸ್ಕಾರಗಳು ಶುರುವಾಗುತ್ತವೆ: ಶೇಕಡಾ 90ಕ್ಕಿಂತ ಹೆಚ್ಚು ಪಡೆದವರಿಗೆ ಶಾಲು, ಹಾರ, ಒಂದು ಸ್ಮರಣಿಕೆ. ಒಂದೇ ಮಗು ನಾಲ್ಕು ಕಡೆ ಸನ್ಮಾನ ಮಾಡಿಸಿಕೊಳ್ಳುತ್ತದೆ. ಹೋಟೆಲಿನಲ್ಲಿ ಲೋಟ ತೊಳೆದುಕೊಂಡು ಶೇಕಡಾ 68 ತೆಗೆದ ಹುಡುಗನ ಹೆಸರು ಎಲ್ಲಿಯೂ ಇರುವುದಿಲ್ಲ.

ಆದರೆ ಸರ್ಕಾರಿ ಶಾಲೆಯ ಮಗುವಿಗಾಗಿಯೇ ಇರುವ ಒಂದು ಯೋಜನೆ ಇದೆ. ಅದಕ್ಕೆ ಫ್ಲೆಕ್ಸ್ ಇಲ್ಲ, ಹಾರವಿಲ್ಲ. ಎನ್‌ಎಂಎಂಎಸ್. ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್ ಎಂದು ಪೂರ್ಣ ಹೆಸರು, 2008ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ವಿದ್ಯಾರ್ಥಿವೇತನ. ಎಂಟನೆಯ ತರಗತಿಯಲ್ಲಿ ಪರೀಕ್ಷೆ. ಬೌದ್ಧಿಕ ಸಾಮರ್ಥ್ಯದ್ದೊಂದು, ಪಠ್ಯ ವಿಷಯಗಳದ್ದೊಂದು, ತಲಾ 90 ಪ್ರಶ್ನೆಗಳ ಎರಡು ಪತ್ರಿಕೆಗಳು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳು ಬರೆಯಬಹುದು, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ಮಕ್ಕಳು, ಕರ್ನಾಟಕದ ಪಾಲು 5,534. ಕೂಲಿ ಮಾಡುವ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಹತ್ತನೆಯ ತರಗತಿಯ ನಂತರವೂ ಓದುತ್ತಾಳೋ ಇಲ್ಲವೋ ಎನ್ನುವುದನ್ನು ಈ ದುಡ್ಡು ತೀರ್ಮಾನಿಸಿದ್ದನ್ನು ನಾನು ನೋಡಿದ್ದೇನೆ. ಬಸ್ ಪಾಸು, ಬಟ್ಟೆ, ಪುಸ್ತಕ ಎಲ್ಲವೂ ಅದರಲ್ಲೇ.

ಈ ಪರೀಕ್ಷೆಗೆ ಮಕ್ಕಳನ್ನು ಅಣಿ ಮಾಡುವವರು ಯಾರು? ಪ್ರಾರ್ಥನೆಗೆ ಒಂದು ಗಂಟೆ ಮೊದಲೇ ಶಾಲೆಯ ಬೀಗ ತೆಗೆಯುವವರು. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಹಾಲು ಕಾಯಿಸುವ ಹೊತ್ತಿಗೆ ಒಂದು ಪಾಠ ಮುಗಿಸಿರುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳ ಪ್ರತಿ ಮಾಡಿಸಲು ಸ್ವಂತ ದುಡ್ಡು ತರುತ್ತಾರೆ. ಜಗಳೂರು ತಾಲ್ಲೂಕಿನ ಒಬ್ಬ ಮೇಡಂ ಪ್ರತಿ ಅಕ್ಟೋಬರ್‌ನಲ್ಲಿ ಬರುತ್ತಾರೆ. ಹಾಳೆಯ ಎರಡೂ ಬದಿ, ಒಂದು ಬದಿಗೆ ಎರಡು ಪುಟ, ಅಕ್ಷರ ಸಣ್ಣದಾದರೂ ಪರವಾಗಿಲ್ಲ ಎನ್ನುತ್ತಾರೆ, ಖರ್ಚು ಉಳಿಯಲಿ ಎಂದು. ಆಕೃತಿಗಳ ಸರಣಿಯ ಪ್ರಶ್ನೆಗಳಿರುವ ಪುಟ ಮಾತ್ರ ದೊಡ್ಡದಾಗಿಯೇ ಇರಬೇಕು, ಕನ್ನಡಿ ಬಿಂಬದ ಲೆಕ್ಕ ಮಕ್ಕಳಿಗೆ ಕಾಣಬೇಕಲ್ಲ. 'ಮೇಡಂ, ನೀವು ಪ್ರಶಸ್ತಿಗೆ ಯಾಕೆ ಹಾಕಬಾರದು?' ಎಂದು ಒಮ್ಮೆ ಕೇಳಿದೆ. 'ಅಣ್ಣಾ, ಆ ಫೈಲು ಮಾಡುವಷ್ಟು ಹೊತ್ತಿನಲ್ಲಿ ಇವರಿಗೆ ಇನ್ನೆರಡು ಪತ್ರಿಕೆ ಬಿಡಿಸುತ್ತೇನೆ' ಎಂದರು.

ಪರೀಕ್ಷೆ ಪಾಸಾದ ಮೇಲೆ ನಿಜವಾದ ಪರೀಕ್ಷೆ ಶುರು. ಇಲ್ಲಿಯೂ ಅರ್ಜಿಯೇ. ಮಗು ಆಯ್ಕೆಯಾಗಿದೆ ಎಂದು ಇಲಾಖೆಯೇ ಪಟ್ಟಿ ಪ್ರಕಟಿಸಿರುತ್ತದೆ. ಆದರೂ ಮಗು ಮತ್ತೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಶಾಲೆ ಪರಿಶೀಲಿಸಬೇಕು, ಆಮೇಲೆ ಜಿಲ್ಲೆ ಪರಿಶೀಲಿಸಬೇಕು. ಪ್ರತಿ ವರ್ಷ ನವೀಕರಣ. ಆಧಾರ್‌ನಲ್ಲಿ 'ತಿಪ್ಪೇಶ ಎಂ', ಶಾಲೆಯ ದಾಖಲಾತಿಯಲ್ಲಿ 'ಎಂ. ತಿಪ್ಪೇಸ್ವಾಮಿ'. ನಾಯಕನಹಟ್ಟಿಯ ಸ್ವಾಮಿಯ ಹೆಸರಿಟ್ಟುಕೊಂಡ ಹುಡುಗರು ನಮ್ಮಲ್ಲಿ ಓಣಿಗೊಬ್ಬರು, ಅವರೆಲ್ಲರ ಪಾಡೂ ಇದೇ. ಹೆಸರು ಹೊಂದದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಹೊಂದಿದರೆ ಖಾತೆಗೆ ಎನ್‌ಪಿಸಿಐ ಆಗಿಲ್ಲ, ಅಂದರೆ ದುಡ್ಡು ಜಮೆಯಾಗಲು ಬೇಕಾದ ಆಧಾರ್ ಜೋಡಣೆ ಆಗಿಲ್ಲ, ಎನ್ನುತ್ತದೆ ಪೋರ್ಟಲ್. ಒಂದು ಬ್ಯಾಂಕಿನ ಶಾಖೆಯಲ್ಲಿ ನಾಳೆ ಬಾ ಎಂದು ಹದಿನಾಲ್ಕು ವರ್ಷದ ಹುಡುಗಿಯನ್ನು ಎಷ್ಟು ಸಲ ತಿರುಗಿಸಿದರೆಂದರೆ, ಅವಳ ಅಪ್ಪ ಕೂಲಿ ಬಿಟ್ಟು ಬಂದ ದಿನಗಳ ಲೆಕ್ಕ ಹಾಕಿ, 'ಬಿಡಿ ಸಾರ್, ಈ ದುಡ್ಡು ನಮಗೆ ಬರುವುದಲ್ಲ' ಎಂದು ಎದ್ದು ಹೋದ. ಮಗಳು ಮಾತ್ರ ನನ್ನ ಅಂಗಡಿಯ ಸ್ಟೂಲಿನಿಂದ ಏಳಲಿಲ್ಲ. ಕೊನೆಗೆ ಆಯಿತು ಎನ್ನಿ.

ಅತಿ ಹೆಚ್ಚು ಮಕ್ಕಳು ಕಳಚಿಕೊಳ್ಳುವುದು ಪಿಯುಸಿಗೆ ಸೇರುವಾಗ. ನಿಯಮದ ಪ್ರಕಾರ ಹತ್ತನೆಯ ತರಗತಿಯಲ್ಲಿ ಶೇಕಡಾ 60 ಬೇಕು, ಪರಿಶಿಷ್ಟರಿಗೆ ಶೇಕಡಾ 5ರ ವಿನಾಯಿತಿ ಇದೆ. ಅಷ್ಟು ಅಂಕ ಇದ್ದೂ ವಿದ್ಯಾರ್ಥಿವೇತನ ಕೈತಪ್ಪುತ್ತದೆ, ಏಕೆಂದರೆ ಹಳೆಯ ಶಾಲೆಯ ಮೇಷ್ಟ್ರಿಗೆ ಜವಾಬ್ದಾರಿ ಮುಗಿದಿರುತ್ತದೆ, ಹೊಸ ಕಾಲೇಜಿನವರಿಗೆ ಇಂಥದ್ದೊಂದು ಮಗು ತಮ್ಮಲ್ಲಿದೆ ಎನ್ನುವುದೇ ಗೊತ್ತಿರುವುದಿಲ್ಲ. ನವೀಕರಣದ ಕೊನೆಯ ದಿನ ದಾಟಿದ ಮೇಲೆ ಮಕ್ಕಳು ನನ್ನ ಬಳಿ ಬಂದು, 'ಸಾರ್, ಈ ವರ್ಷದ್ದು ಬರಲಿಲ್ಲ' ಎನ್ನುತ್ತಾರೆ.

ಎರಡೂ ಕಡೆ ಒಂದೇ ರೋಗ ಎನ್ನುವುದು ನನ್ನ ವಾದ. ಅರ್ಹತೆ ಇರುವವರೇ ಕಾಗದ ಹಿಡಿದು ತಮ್ಮ ಅರ್ಹತೆಯನ್ನು ರುಜುವಾತು ಮಾಡುತ್ತ ಅಲೆಯಬೇಕು. ಗುರುತಿಸಬೇಕಾದವರು ಮೇಜಿನ ಹಿಂದೆ ಕುಳಿತಿರುತ್ತಾರೆ. ಯಾವ ಮಗು ಯಾವ ಶಾಲೆಯಲ್ಲಿದೆ ಎನ್ನುವುದು ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಇದೆ. ಜಾತಿ, ಆದಾಯ ಪ್ರಮಾಣಪತ್ರ ಕೊಟ್ಟದ್ದೇ ಸರ್ಕಾರದ ನಾಡಕಚೇರಿ. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ಮಗುವನ್ನೇ ಏಕೆ ಕೇಳುತ್ತಾರೆ? ಬಿಇಒ ಕಚೇರಿಯ ಆವರಣದಲ್ಲಿ ವರ್ಷಕ್ಕೆ ಒಂದು ದಿನ ಬ್ಯಾಂಕಿನವರು, ಆಧಾರ್ ಕೇಂದ್ರದವರು, ನಾಡಕಚೇರಿಯವರು ಮೇಜು ಹಾಕಿಕೊಂಡು ಕುಳಿತರೆ ತಾಲ್ಲೂಕಿನ ಅಷ್ಟೂ ಎನ್‌ಎಂಎಂಎಸ್ ಮಕ್ಕಳ ಕೆಲಸ ಸಂಜೆಯೊಳಗೆ ಮುಗಿಯುತ್ತದೆ. ಇದಕ್ಕೆ ಹೊಸ ಯೋಜನೆ ಬೇಡ, ಅನುದಾನವೂ ಬೇಡ. ಶಾಮಿಯಾನದ ಬಾಡಿಗೆ ಸಾಕು.

ಪ್ರಶಸ್ತಿಯ ವಿಷಯದಲ್ಲೂ ಅಷ್ಟೇ. ಅರ್ಜಿ ಹಾಕುವವರು ಹಾಕಲಿ, ಆ ದಾರಿ ಮುಚ್ಚುವುದು ಬೇಡ. ಜೊತೆಗೆ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು, ಹಳೆಯ ವಿದ್ಯಾರ್ಥಿಗಳು, ಪಕ್ಕದ ಪ್ರೌಢಶಾಲೆಯ ಶಿಕ್ಷಕರು ಹೆಸರು ಸೂಚಿಸುವಂತಾಗಲಿ. ಪ್ರೌಢಶಾಲೆಯವರ ಮಾತು ಮುಖ್ಯ, ಏಕೆಂದರೆ ಎಂಟನೆಯ ತರಗತಿಗೆ ಬರುವ ಮಕ್ಕಳನ್ನು ನೋಡಿದ ಒಂದೇ ವಾರದಲ್ಲಿ ಯಾವ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ನಿಜವಾಗಿ ಪಾಠ ನಡೆದಿದೆ ಎಂದು ಅವರು ಹೇಳಬಲ್ಲರು. ಆಮೇಲೆ ಸಮಿತಿಯವರು ಮುನ್ಸೂಚನೆ ಕೊಡದೆ ಹೋಗಿ ಹಿಂದಿನ ಬೆಂಚಿನಲ್ಲಿ ಅರ್ಧ ದಿನ ಕುಳಿತುಕೊಳ್ಳಲಿ. ಜಿಲ್ಲಾ ಮಟ್ಟದಲ್ಲಾದರೂ ಅತಿಥಿ ಶಿಕ್ಷಕರನ್ನು ಪರಿಗಣಿಸಲಿ. ಮೇಲಿನವರ ನಿಯಮ ಬದಲಾಗುವವರೆಗೆ ಕಾಯಬೇಕಿಲ್ಲ. ಊರಿನವರು, ಸಂಘ ಸಂಸ್ಥೆಯವರು ಕೊಡುವ ಸನ್ಮಾನಕ್ಕೆ ಯಾವ ಮಾರ್ಗಸೂಚಿಯ ಅಡ್ಡಿ?

ಊರಿನವರ ಮಾತು ಬಂದಿದ್ದರಿಂದ ದತ್ತಿ ಬಹುಮಾನದ ಬಗ್ಗೆ ಒಂದು ಮಾತು. ತಂದೆ ತಾಯಿಯ ಹೆಸರಿನಲ್ಲಿ ಶಾಲೆಗೆ ಐದು ಸಾವಿರ ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ಕನ್ನಡದಲ್ಲೋ ಗಣಿತದಲ್ಲೋ ಮೊದಲು ಬಂದವರಿಗೆ ಬಹುಮಾನ ಕೊಡುವ ಪದ್ಧತಿ ನಮ್ಮ ಹಳ್ಳಿ ಶಾಲೆಗಳಲ್ಲಿ ಹಿಂದಿನಿಂದಲೂ ಇದೆ. ಬ್ಯಾಂಕುಗಳು ನೂರಕ್ಕೆ ಹನ್ನೆರಡು ಬಡ್ಡಿ ಕೊಡುತ್ತಿದ್ದ ಕಾಲದಲ್ಲಿ ಆರು ನೂರು ಬರುತ್ತಿತ್ತು. ಈಗ ಮುನ್ನೂರು ಮುನ್ನೂರೈವತ್ತು. ಅದನ್ನು ಕೊಡುವ ಸಮಾರಂಭದ ಫ್ಲೆಕ್ಸಿಗೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ, ಬಿಲ್ ಬರೆಯುವವನು ನಾನೇ. ಆ ದತ್ತಿ ಇಟ್ಟವರ ಮಕ್ಕಳು ಇಂದು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಮೂಲಧನಕ್ಕೆ ಇನ್ನಷ್ಟು ಸೇರಿಸಿ ಎಂದು ಅವರಿಗೊಂದು ವಾಟ್ಸ್ಆ್ಯಪ್ ಸಂದೇಶ ಕಳುಹಿಸಲು ಯಾರಿಗೂ ಸಂಕೋಚ ಬೇಡ. ಬಹುಮಾನವನ್ನು ಮೊದಲು ಬಂದವರಿಗೇ ಕೊಡಬೇಕೆಂದೂ ಇಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದ್ದಾರೆ. ಅದರಲ್ಲಿ ರ‍್ಯಾಂಕಿನ ಮಾತೇ ಇಲ್ಲ. ಓದು ಮುಂದುವರಿಸುವುದೇ ಸಾಧನೆ ಎಂದು ಯಾರೋ ಒಬ್ಬರಿಗಾದರೂ ಹೊಳೆಯಿತಲ್ಲ.

ಇದನ್ನು ಓದುತ್ತಿರುವ ಮೇಷ್ಟ್ರುಗಳಲ್ಲಿ, ಪಿಯು ಉಪನ್ಯಾಸಕರಲ್ಲಿ ಒಂದು ವಿನಂತಿ. ನಿಮ್ಮ ತರಗತಿಯಲ್ಲಿ ಎನ್‌ಎಂಎಂಎಸ್ ಆದ ಮಕ್ಕಳು ಯಾರು ಎಂದು ನಾಳೆಯೇ ಒಮ್ಮೆ ಕೇಳಿ, ಈ ವರ್ಷದ ನವೀಕರಣ ಆಗಿದೆಯೇ ಎಂದು ನೋಡಿ. ದಾವಣಗೆರೆಯ ಸುತ್ತಮುತ್ತಲಿನವರಾದರೆ ನನ್ನ ಅಂಗಡಿಗೆ ಕಳುಹಿಸಿ. ಈ ಅರ್ಜಿಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಭಾನುವಾರ ಮಧ್ಯಾಹ್ನ ಎರಡರವರೆಗೆ ತೆರೆದಿರುತ್ತದೆ. ಆಧಾರ್‌ಗೆ ಜೋಡಿಸಿದ ನಂಬರ್ ಇರುವ ಮೊಬೈಲನ್ನು ಮರೆಯದೆ ತರಲು ಹೇಳಿ, ಒಟಿಪಿ ಅದಕ್ಕೇ ಬರುತ್ತದೆ. ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿಬಿಟ್ಟಿದ್ದರೆ ಮಗು ಬಂದೂ ಪ್ರಯೋಜನವಿಲ್ಲ.