ಕಾಮಾ ಎಣಿಸಿದರೆ ಡಿಲಿಮಿಟರ್ ಸಿಗುವುದಿಲ್ಲ

ಇಂದು ಮಧ್ಯಾಹ್ನ ಪರದೆಯ ಮೇಲೆ ಒಂದು ಸೊನ್ನೆ ಕಂಡು ಎದೆ ಝಲ್ಲೆಂದಿತು. ಮನೆಗೆ ಬಂದು ಊಟ ಮುಗಿಸಿದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನನ್ನ ಕೆಲಸ ಏನೆಂದು ನಿಮಗೆಲ್ಲ ಗೊತ್ತೇ ಇದೆ. ಎಲ್ಲಿಂದಲೋ ಬಂದ ಪಠ್ಯ ಫೈಲುಗಳನ್ನು ಓದಿಸಿ ಡೇಟಾಬೇಸಿಗೆ ಸೇರಿಸುವುದು. ಈ ಸಲ ಬಂದದ್ದು ಒಂದು ಸಹಕಾರ ಸಂಘದ ಠೇವಣಿ ಪಟ್ಟಿ. ಅದರ ಒಂದು ಸಾಲು ಹೀಗಿತ್ತು (ವಿವರಗಳನ್ನು ಬದಲಿಸಿದ್ದೇನೆ):

1042;ನಿಶ್ಚಿತ ಠೇವಣಿ;45, 3ನೇ ಅಡ್ಡರಸ್ತೆ, ವಿದ್ಯಾರಣ್ಯಪುರಂ, ಮೈಸೂರು;1,25,000

ನೋಡಿದವರಿಗೆ ತಿಳಿಯುತ್ತದೆ, ಕಾಲಂಗಳನ್ನು ಬೇರ್ಪಡಿಸುತ್ತಿರುವುದು ಸೆಮಿಕೋಲನ್. ಆದರೆ ನಮ್ಮ ಪ್ರೋಗ್ರಾಂ ನೋಡುವುದಿಲ್ಲ, ಎಣಿಸುತ್ತದೆ. ತಂಡಕ್ಕೆ ಹೊಸದಾಗಿ ಸೇರಿದ ಹುಡುಗ ಬರೆದ ಕೋಡ್ ಇಷ್ಟೇ: ಫೈಲಿನಲ್ಲಿ ಕಾಮಾ, ಸೆಮಿಕೋಲನ್, ಟ್ಯಾಬ್ ಎಷ್ಟೆಷ್ಟು ಇವೆ ಎಂದು ಲೆಕ್ಕಹಾಕು, ಯಾವುದು ಹೆಚ್ಚೋ ಅದೇ ಡಿಲಿಮಿಟರ್, ಅಂದರೆ ಕಾಲಂಗಳನ್ನು ಬೇರ್ಪಡಿಸುವ ಚಿಹ್ನೆ. ಮೇಲಿನ ಸಾಲಿನಲ್ಲಿ ಸೆಮಿಕೋಲನ್ ಮೂರು, ಕಾಮಾ ಐದು. ಕಾಮಾ ಗೆದ್ದಿತು. ಸಾಲು ಆರು ತುಂಡಾಯಿತು. ಮೊದಲನೆಯ ತುಂಡು «1042;ನಿಶ್ಚಿತ ಠೇವಣಿ;45». ನಾಲ್ಕನೆಯದು «ಮೈಸೂರು;1». ಐದನೆಯದು «25». ಕೊನೆಯದು «000».

ಮೊತ್ತ ಕೊನೆಯ ಕಾಲಂನಲ್ಲಿ ಇರುತ್ತದೆಂದು ಕೋಡ್ ನಂಬಿತ್ತು. ಒಂದು ಲಕ್ಷ ಇಪ್ಪತ್ತೈದು ಸಾವಿರ ರೂಪಾಯಿ ಸೊನ್ನೆಯಾಯಿತು. ಇನ್ನೊಂದು ಸಾಲಿನ 87,500 ಐನೂರಾಯಿತು.

«ಮೇಡಂ, ಒಂದೂ ಎರರ್ ಬಂದಿಲ್ಲ» ಎಂದು ಅವನು ಸಂತೋಷದಿಂದಲೇ ಹೇಳಿದ. ನನಗೆ ಸಿಟ್ಟು ಬಂದದ್ದು ಆ ಮಾತಿಗೆ. ಎರರ್ ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಒಂದು ಸಾಲು ಆರು ತುಂಡು, ಮುಂದಿನದು ಐದು, ಅದರ ಮುಂದಿನದು ಏಳು. ತುಂಡುಗಳ ಸಂಖ್ಯೆ ಹೀಗೆ ಸಾಲಿನಿಂದ ಸಾಲಿಗೆ ಏರಿಳಿಯುತ್ತಿದ್ದರೂ ಪ್ರೋಗ್ರಾಂ ಒಂದು ಕ್ಷಣವೂ ನಿಲ್ಲಲಿಲ್ಲ. ಒಟ್ಟು ಮೊತ್ತ ತೀರಾ ಕಡಿಮೆಯಿದೆಯೆಂದು ಕಂಡು ನಾನು ಫೈಲು ತೆರೆಯದೇ ಇದ್ದಿದ್ದರೆ ಆ ಸೊನ್ನೆಗಳು ಹಾಗೆಯೇ ಮುಂದೆ ಹೋಗುತ್ತಿದ್ದವು. ನನ್ನ ಅಮ್ಮ ಇಂಥದ್ದೇ ಒಂದು ಸಂಘದಲ್ಲಿ ಹಣ ಇಟ್ಟಿದ್ದಾರೆ. ತಿಂಗಳು ತಿಂಗಳು ಉಳಿಸಿ, ಪಾಸ್‌ಪುಸ್ತಕವನ್ನು ಸೀರೆಗಳ ಮಡಿಕೆಯೊಳಗೆ ಇಟ್ಟುಕೊಂಡಿದ್ದಾರೆ. ನನಗೆ ಆ ಸೊನ್ನೆಯಲ್ಲಿ ಕಂಡದ್ದು ಆ ಪುಸ್ತಕ.

ಸಂಖ್ಯೆಯಲ್ಲಿ ಯಾವುದು ಹೆಚ್ಚು ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಪ್ರತಿ ಸಾಲಿನಲ್ಲೂ ಯಾವುದು ಅಷ್ಟಕ್ಕೆ ಅಷ್ಟೇ ಬರುತ್ತದೆ ಎಂದು ನೋಡಬೇಕು. ಆ ಫೈಲಿನ ಯಾವ ಸಾಲನ್ನು ತೆಗೆದುಕೊಂಡರೂ ಸೆಮಿಕೋಲನ್ ಮೂರೇ. ಕಾಮಾ ಮಾತ್ರ ವಿಳಾಸ ಉದ್ದವಾದಂತೆ, ಮೊತ್ತ ಸಾವಿರದಿಂದ ಲಕ್ಷಕ್ಕೆ ಏರಿದಂತೆ ಬದಲಾಗುತ್ತದೆ. ಅದರಲ್ಲೂ ನಾವು ಅಂಕಿ ಬರೆಯುವ ರೀತಿ ನೋಡಿ. ಲಕ್ಷಕ್ಕೆ ಎರಡು ಕಾಮಾ, ಕೋಟಿಗೆ ಮೂರು. ನಮ್ಮ ಊರಿನ ಫೈಲುಗಳಲ್ಲಿ ಬರಿಯ ಕಾಮಾ ಎಣಿಸಿ ತೀರ್ಮಾನಕ್ಕೆ ಬರುವುದು ಅಪಾಯ.

ಎಣಿಸುವಾಗಲೂ ಜೋಡಿ ಉದ್ಧರಣ ಚಿಹ್ನೆಯ (") ಒಳಗಿನದನ್ನು ಬಿಡಬೇಕು. ಕಾಲಂಗಳನ್ನು ಕಾಮಾದಿಂದ ಬೇರ್ಪಡಿಸುವ ಪಠ್ಯ ಫೈಲಿಗೆ ಸಿಎಸ್‌ವಿ ಎನ್ನುತ್ತಾರೆ. ಅದರ ರೂಢಿಯನ್ನು ಬರೆದಿಟ್ಟ ಆರ್‌ಎಫ್‌ಸಿ 4180 ಎಂಬ ತಾಂತ್ರಿಕ ಬರಹ ಬಂದದ್ದು 2005ರಲ್ಲಿ. ಒಳಗೆ ಕಾಮಾ ಇದ್ದರೆ ಆ ವಿವರವನ್ನು ಉದ್ಧರಣ ಚಿಹ್ನೆಯಲ್ಲಿಡಿ, ಎಲ್ಲ ಸಾಲುಗಳಲ್ಲೂ ಕಾಲಂಗಳ ಸಂಖ್ಯೆ ಒಂದೇ ಇರಲಿ ಎಂದು ಅದು ಆಗಲೇ ಹೇಳಿದೆ. ಚಿಹ್ನೆಯ ಒಳಗೆ ಹೊಸ ಸಾಲೂ ಬರಬಹುದು, ಹಾಗಾಗಿ ಕಣ್ಣಿಗೆ ಕಾಣುವ ಸಾಲು ಮತ್ತು ದಾಖಲೆಯ ಸಾಲು ಒಂದೇ ಆಗಿರಬೇಕೆಂದಿಲ್ಲ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಡಿಲಿಮಿಟರ್ ಪತ್ತೆಹಚ್ಚುವ ಸ್ನಿಫರ್ ಇದೆಯಲ್ಲ, ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಇದೆ. ಎಷ್ಟೋ ಸಲ ಅದು ನನ್ನ ಕೆಲಸ ಉಳಿಸಿದೆ. ಬರಿಯ ಎಣಿಕೆಗಿಂತ ಅದು ಎಷ್ಟೋ ಮೇಲು, ಸಾಲಿನಿಂದ ಸಾಲಿಗೆ ಹೊಂದಿಕೆಯನ್ನು ನೋಡುತ್ತದೆ. ಆದರೂ ಅದು ಮಾಡುವುದು ಊಹೆ. ಒಂದೇ ಕಾಲಂ ಇರುವ ಫೈಲು ಕೊಟ್ಟರೆ ಯಾವುದೋ ಇಂಗ್ಲಿಷ್ ಅಕ್ಷರವನ್ನೇ ಡಿಲಿಮಿಟರ್ ಎಂದು ತಂದುಕೊಡುವುದೂ ಉಂಟು. ಯಾವ ಯಾವ ಚಿಹ್ನೆಗಳನ್ನು ಪರಿಗಣಿಸಬೇಕೆಂದು ಪಟ್ಟಿ ಕೊಡುವ ಅವಕಾಶ ಅದರಲ್ಲಿದೆ, ಕೊಡುವವರು ಕಡಿಮೆ.

ಹೊಂದಿಕೆಯೊಂದೇ ಸಾಲದ ಸಂದರ್ಭವೂ ಇದೆ. ಜರ್ಮನಿಯಲ್ಲಿ ದಶಮಾಂಶಕ್ಕೆ ಕಾಮಾ ಹಾಕುತ್ತಾರೆ. ಹಾಗಾಗಿ ಅಲ್ಲಿನ ಗಣಕಗಳಲ್ಲಿ ಎಕ್ಸೆಲ್ ಸಿಎಸ್‌ವಿ ಉಳಿಸುವಾಗ ಸೆಮಿಕೋಲನ್ ಬಳಸುತ್ತದೆ. ಅಲ್ಲಿಂದ ಬಂದ ಬೆಲೆಪಟ್ಟಿಯಲ್ಲಿ «12,50;8,75» ಎಂಬಂಥ ಸಾಲುಗಳಿರುತ್ತವೆ. ಪ್ರತಿ ಸಾಲಿನಲ್ಲೂ ಕಾಮಾ ಎರಡು, ಸೆಮಿಕೋಲನ್ ಒಂದು. ಎರಡೂ ಅಚ್ಚುಕಟ್ಟು. ಕಾಮಾದಲ್ಲಿ ಒಡೆದರೆ 12, «50;8», 75. ನಡುವಿನದು ಸಂಖ್ಯೆಯಲ್ಲ, ದಿನಾಂಕವಲ್ಲ, ಯಾವುದೂ ಅಲ್ಲ. ಸೆಮಿಕೋಲನ್‌ನಲ್ಲಿ ಒಡೆದರೆ ಎರಡೂ ಬೆಲೆಗಳು ಬೆಲೆಗಳಾಗಿಯೇ ಉಳಿಯುತ್ತವೆ. ಒಡೆದ ಮೇಲೆ ತುಂಡುಗಳಿಗೆ ಅರ್ಥವಿದೆಯೇ ಎಂದು ನೋಡುವ ಈ ವಿಧಾನವನ್ನು ಗೆರಿಟ್ ವಾನ್ ಡೆನ್ ಬರ್ಗ್ ಮತ್ತು ಸಂಗಡಿಗರು 2019ರ ಒಂದು ಪ್ರಬಂಧದಲ್ಲಿ ವಿವರಿಸಿದ್ದಾರೆ. ಕ್ಲೆವರ್‌ಸಿಎಸ್‌ವಿ ಎಂಬ ಲೈಬ್ರರಿ (ಬೇರೆಯವರು ಬಳಸಬಹುದಾದ ಸಿದ್ಧ ಕೋಡ್) ಅದರ ಫಲ. ಅವರ ಪರೀಕ್ಷೆಯಲ್ಲಿ ಶೇ. 97ರಷ್ಟು ಸರಿ ಉತ್ತರ ಸಿಕ್ಕಿತು. ಓದಿದಾಗ ನಿಜಕ್ಕೂ ಖುಷಿಯಾಗಿತ್ತು. ಆದರೆ ಉಳಿದ ಮೂರರಲ್ಲಿ ಯಾರ ಠೇವಣಿ ಇದೆಯೋ?

ಒಂದು ಮಾತು ಹೇಳದಿದ್ದರೆ ಆ ಹುಡುಗನಿಗೆ ಅನ್ಯಾಯವಾಗುತ್ತದೆ. ನನ್ನ ಮೊದಲ ಕೆಲಸದಲ್ಲಿ ನಾನೂ ಹೀಗೆಯೇ ಬರೆದಿದ್ದೆ, ಅದೂ ಮೊದಲ ಸಾಲೊಂದನ್ನೇ ನೋಡಿ. ಮೊದಲ ಸಾಲಿನಲ್ಲಿದ್ದದ್ದು ಪಟ್ಟಿಯ ಶೀರ್ಷಿಕೆ, ಅದರಲ್ಲೊಂದು ಕಾಮಾ. ಕೆಳಗಿನದೆಲ್ಲ ಟ್ಯಾಬ್. ಎಲ್ಲವೂ ಒಂದೇ ಕಾಲಂಗೆ ಬಂದು ಬಿದ್ದದ್ದರಿಂದ ತಪ್ಪು ಆ ಕ್ಷಣವೇ ಕಣ್ಣಿಗೆ ಹೊಡೆಯಿತು. ಅವನಿಗೆ ಆ ಅದೃಷ್ಟ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಗಣಕದಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಇದೇ ಕೆಲಸಕ್ಕೆಂದು 28ರಿಂದ 31ರವರೆಗೆ ನಾಲ್ಕು ಸಂಕೇತಗಳನ್ನು ಮೀಸಲಿಟ್ಟಿದ್ದರು. ವಿಳಾಸದಲ್ಲೂ ಬಾರದ, ಮೊತ್ತದಲ್ಲೂ ಬಾರದ ಚಿಹ್ನೆಗಳು. ಕೀಲಿಮಣೆಯಲ್ಲಿ ಅವುಗಳಿಗೆ ಕೀಲಿ ಇಲ್ಲ, ಬಳಸಿದವರು ತೀರಾ ಕಡಿಮೆ. ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಸಂಜೆ ಇಬ್ಬರೂ ಕುಳಿತು ಕೋಡ್ ಬದಲಿಸಿದೆವು. ಡಿಲಿಮಿಟರ್ ಯಾವುದೆಂದು ಈಗ ಹೊರಗಿನಿಂದಲೇ ಹೇಳಬೇಕು. ಹೇಳದಿದ್ದರೆ ಪ್ರೋಗ್ರಾಂ ಊಹಿಸಿ, ಮೊದಲ ಕೆಲವು ಸಾಲುಗಳನ್ನು ಕಾಲಂಗಳಲ್ಲಿ ಜೋಡಿಸಿ ತೋರಿಸಿ, ಸರಿಯೇ ಎಂದು ಕೇಳುತ್ತದೆ. ಒಂದೇ ಒಂದು ಸಾಲಿನ ಕಾಲಂ ಸಂಖ್ಯೆ ಬೇರೆಯಾದರೂ ಇಡೀ ಫೈಲನ್ನು ನಿಲ್ಲಿಸುತ್ತದೆ.

ಆಮೇಲೆ ಫೈಲು ಕಳಿಸಿದ ಸಂಘದ ಗುಮಾಸ್ತರಿಗೆ ಫೋನ್ ಮಾಡಿದೆ. ಸೆಮಿಕೋಲನ್ ಏಕೆ ಹಾಕಿದಿರಿ ಎಂದು ಕೇಳಿದೆ.

«ವಿಳಾಸದಲ್ಲಿ ಕಾಮಾ ಇರುತ್ತದಲ್ಲ ಮೇಡಂ, ಗೊಂದಲವಾಗಬಾರದು ಎಂದು ಹಾಕಿದೆ» ಎಂದರು.