ಮಣ್ಣಾಗಲೊಲ್ಲದ ಗರಿ

ಅಂಗಿಯನ್ನು ಎರಡು ಸಲ ಒಗೆದಾಯ್ತು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಬಿಟ್ಟಿಲ್ಲ. ಹಣೆಗೆ ಬೂದಿ ಹಚ್ಚಿಸಿಕೊಂಡು ಈಸ್ಟರಿಗೆ ಮುಂಚಿನ ಉಪವಾಸ ಶುರುಮಾಡುವ ಬೂದಿ ಬುಧವಾರದ ಹಿಂದಿನ ಸಂಜೆ ಚರ್ಚಿನ ಹಿತ್ತಲಲ್ಲಿ ಆದದ್ದನ್ನು ಯಾರಿಗೂ ಹೇಳಬೇಡಿ ಅಂದಿದ್ದಾರೆ ಫಾದರ್. ಹೇಳುತ್ತಿಲ್ಲ, ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರುವ ಸಂಗತಿಯೇ. ಯೇಸು ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಜಯಘೋಷ ಮಾಡಿದ ನೆನಪಿಗೆ, ಈಸ್ಟರಿನ ಹಿಂದಿನ ವಾರ ಬರುವ ಗರಿಗಳ ಭಾನುವಾರ ಮಂತ್ರಿಸಿ ಕೊಟ್ಟ ಗರಿಯನ್ನು ಮನೆಗೆ ತಂದು ಪಟದ ಹಿಂದೆ ಸಿಕ್ಕಿಸಿ ಮರೆತುಬಿಡುತ್ತೇವೆ. ಮುಂದಿನ ತಪಸ್ಸುಕಾಲ, ಅಂದರೆ ಆ ಉಪವಾಸದ ದಿನಗಳು ಹತ್ತಿರ ಬಂದಾಗ, "ಹಳೆ ಗರಿ ತಂದುಕೊಡಿ" ಅಂತ ಫಾದರ್ ವಾರವಾರವೂ ಗೋಗರೆಯುತ್ತಾರೆ. ಅದನ್ನು ಸುಟ್ಟ ಬೂದಿಯೇ ನಮ್ಮ ಹಣೆಗೆ. ಮರುಬಳಕೆ ಅಂತ ಈಗ ಎಲ್ಲರೂ ಭಾಷಣ ಬಿಗಿಯುತ್ತಾರಲ್ಲ, ಚರ್ಚು ಅದನ್ನು ಯಾವ ಕಾಲದಿಂದಲೋ ಸದ್ದಿಲ್ಲದೆ ಮಾಡಿಕೊಂಡು ಬಂದಿದೆ. ಜಯಘೋಷದ ಹಸಿರೇ ಉಪವಾಸದ ಬೂದಿ! ಯಾವ ಸಮಿತಿಗೂ ಹೊಳೆಯುವ ಉಪಾಯವಲ್ಲ ಇದು.

ಸಮಿತಿ ಅಂದೆನಲ್ಲ, ನಮ್ಮಲ್ಲೂ ಒಂದಿದೆ. ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ಅಂದರೆ ಅಕ್ಟೋಬರ್ 4ರ ತನಕ 'ಸೃಷ್ಟಿಯ ಕಾಲ' ಅಂತ ಆಚರಿಸುತ್ತಾರೆ. ಆಗಲೇ ಹುಟ್ಟಿದ್ದು ನಮ್ಮ ಸೃಷ್ಟಿ ಸಂರಕ್ಷಣಾ ಸಮಿತಿ. ಸಂಚಾಲಕರು ಯಾರಾಗ್ತೀರಿ ಅಂತ ಕೇಳಿದ ಹೊತ್ತಿಗೆ ಸರಿಯಾಗಿ ನನಗೆ ಕೆಮ್ಮು ಬಂತು. ಅವತ್ತಿನಿಂದ ಗೊಬ್ಬರದ ಗುಂಡಿಯೂ ನನ್ನದೇ, ಅದರೊಳಗೆ ಬೀಳುವ ಪ್ಲಾಸ್ಟಿಕ್ ಲೋಟ ಹೆಕ್ಕುವ ಭಾಗ್ಯವೂ ನನ್ನದೇ. ಲೋಟಗಳ ಕತೆ ಬಿಡಿ. ನನ್ನ ಸಂಕಟ ನಮ್ಮ ಕಾರ್ಯದರ್ಶಿಗಳದ್ದು.

ಒಳ್ಳೆ ಮನುಷ್ಯ. ಒಂದು ಪೂಜೆ ತಪ್ಪಿಸಿದವರಲ್ಲ. ಆದರೆ ಅವರ ಮನೆಯಲ್ಲೊಂದು ಲ್ಯಾಮಿನೇಷನ್ ಯಂತ್ರವಿದೆ. ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ 2015ರಲ್ಲಿ ಬರೆದ 'ಲೌದಾತೊ ಸಿ' ಪತ್ರದ 211ನೇ ಪರಿಚ್ಛೇದದಲ್ಲಿ ಪ್ಲಾಸ್ಟಿಕ್ಕು, ಕಾಗದ ಆದಷ್ಟು ಬೇಡ, ಕಸ ಬೇರೆ ಮಾಡಿ, ಉಣ್ಣುವಷ್ಟೇ ಬೇಯಿಸಿ, ಬೇಡದ ದೀಪ ಆರಿಸಿ ಅಂತೆಲ್ಲ ಇದೆ. ನಮ್ಮವರು ಅದನ್ನು ದೊಡ್ಡಕ್ಷರದಲ್ಲಿ ಮುದ್ರಿಸಿ, ಲ್ಯಾಮಿನೇಟ್ ಮಾಡಿ ಗೋಡೆಗೆ ತೂಗುಹಾಕಿದರು. "ಮಳೆಗೆ ನೆನೀಬಾರದಲ್ಲ" ಅಂದರು. ಒಳಗಿನ ಗೋಡೆ ಅದು. ಆಮೇಲೆ ಗೊಬ್ಬರದ ಗುಂಡಿಯ ನಿಯಮಗಳು, ಗಾಯನ ವೃಂದದ ಪಟ್ಟಿ, ತಿಂಗಳು ತಿಂಗಳೂ ಬದಲಾಗುವ ವಾಚಕರ ಸರದಿ, ಎಲ್ಲಕ್ಕೂ ಹೊದಿಕೆ ಬಿತ್ತು. 'ದೀಪ ಆರಿಸಿ' ಅನ್ನುವ ಫಲಕವಂತೂ ಎಷ್ಟು ಫಳಫಳ ಅನ್ನುತ್ತದೆಂದರೆ ದೀಪ ಆರಿಸಿದರೆ ಮಾತ್ರ ಓದಲು ಬರುತ್ತದೆ. ಅವರ ಪಕ್ಕದಲ್ಲಿ ತುಂಬ ಹೊತ್ತು ಅಲುಗಾಡದೆ ಕೂರಲು ನನಗೆ ಭಯ.

ಮಂಗಳವಾರ ಸಂಜೆ ತಗಡಿನ ಡಬ್ಬದಲ್ಲಿ ಗರಿ ಸುರಿದು ಕಡ್ಡಿ ಗೀರಿದೆ. ಒಣಗರಿ ಚಟಚಟ ಅಂತ ಚೆನ್ನಾಗಿಯೇ ಹೊತ್ತಿಕೊಂಡಿತು. ಫಾದರ್ ಜರಡಿ ಹಿಡಿದು ನಿಂತಿದ್ದರು. ಇದ್ದಕ್ಕಿದ್ದಂತೆ ಕಪ್ಪು ಹೊಗೆ, ಮೂಗು ಮುರಿಯುವ ನಾತ. ಕೋಲಿನಿಂದ ಕೆದಕಿದರೆ ಅಂಟಂಟಾದ ಕರಿ ಮುದ್ದೆಯೊಂದು ಕೋಲಿಗೇ ಮೆತ್ತಿಕೊಂಡು ಮೇಲೆ ಬಂತು. ಅದರ ಒಂದು ಮೂಲೆ ಇನ್ನೂ ಬೆಂದಿರಲಿಲ್ಲ. ಒಳಗೆ ಶಿಲುಬೆಯಾಕಾರಕ್ಕೆ ಮಡಚಿದ ಗರಿ, ನಿನ್ನೆ ಕಿತ್ತಂತೆ ತಣ್ಣಗೆ ಕೂತಿತ್ತು.

"ಇದನ್ನ ಯಾಕೆ ಸಾರ್ ಮಾಡಿಸಿದ್ರಿ?" ಅಂತ ಕಾರ್ಯದರ್ಶಿಗಳನ್ನು ಕೇಳಿದೆ.

"ಇಲ್ಲಾಂದ್ರೆ ಒಣಗಿ ಪುಡಿಯಾಗತ್ತಲ್ರೀ."

ಪುಡಿಯಾಗಲಿ ಅಂತಲೇ ಅಲ್ಲವೇ ಸ್ವಾಮಿ ಇಷ್ಟೆಲ್ಲ! 'ನೀನು ಮಣ್ಣು, ಮಣ್ಣಿಗೇ ಮರಳುವೆ' ಎಂದು ದೇವರು ಆದಾಮನಿಗೆ ಹೇಳುವಾಗ ಲ್ಯಾಮಿನೇಷನ್ ಇರಲಿಲ್ಲ. ಇದ್ದಿದ್ದರೆ 'ಸ್ವಲ್ಪ ತಡವಾಗಿ' ಅಂತ ಸೇರಿಸುತ್ತಿದ್ದನೇನೋ. ಫಾದರ್ ಮಾತಾಡದೆ ಡಬ್ಬವನ್ನು ಕವುಚಿ ಹಾಕಿದರು. ಉಳಿದಿದ್ದ ನಾಲ್ಕು ಹಿಡಿ ಗರಿಯನ್ನು ಬೇರೆ ಸುಟ್ಟು, ಬಂದ ಒಂದು ಚಿಟಿಕೆ ಬೂದಿಯಲ್ಲೇ ಮರುದಿನ ಇಡೀ ಸಭೆಗೆ ಹೇಗೋ ಸುಧಾರಿಸಿದರು. ನನ್ನ ಹಣೆಗೆ ಬಿದ್ದದ್ದು ಶಿಲುಬೆಯಲ್ಲ, ಬರೀ ಹೆಬ್ಬೆರಳು.

ಅಮ್ಮ ಇದ್ದಾಗ ಇದಾವುದರ ಗೊಡವೆಯೇ ಇರಲಿಲ್ಲ. ಪಟದ ಹಿಂದಿನ ಗರಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದಿಗೆ ತಿರುಗುವುದೇ ಅವಳಿಗೆ ಕ್ಯಾಲೆಂಡರು. ಅಂಚು ಸುರುಟಿಕೊಂಡಿತೆಂದರೆ, "ಬೂದಿ ಹತ್ತಿರ ಬಂತು" ಅಂತ ಯಾರೂ ಕೇಳುವ ಮೊದಲೇ ಸೆರಗಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. ಸೃಷ್ಟಿಯ ಕಾಲ ಅನ್ನುವ ಮಾತೇ ಅವಳ ಕಿವಿಗೆ ಬಿದ್ದಿರಲಿಲ್ಲ.

ಬುಧವಾರ ರಾತ್ರಿ ಈ ಕತೆಯನ್ನೆಲ್ಲ ಮನೆಯಲ್ಲಿ ಅಭಿನಯಿಸಿ ತೋರಿಸಿದೆ. ಕರಿ ಮುದ್ದೆ ಕೋಲಿಗೆ ಮೆತ್ತಿಕೊಂಡ ಭಾಗವನ್ನು ಎರಡು ಸಲ. ಹೆಂಡತಿ ಕೊನೆತನಕ ಕೇಳಿಸಿಕೊಂಡು, "ಊರವರದ್ದೆಲ್ಲ ಬೇಡಿ ತಂದು ಸುಟ್ರಲ್ಲ, ನಮ್ಮದು?" ಅಂದಳು.

ಕತ್ತೆತ್ತಿ ನೋಡಿದೆ. ಪಟದ ಹಿಂದೆ ಗರಿ ಇತ್ತು. ಅಂಚು ಚೆನ್ನಾಗಿಯೇ ಸುರುಟಿಕೊಂಡಿತ್ತು.